ಎರಡೂ ಗಾಣಗಾಪುರದ ವಿಠ್ಠಲ

ಇಷ್ಟಕ್ಕೆಲ್ಲ ಕಾರಣ ವಿಠ್ಠಲನ ಅವಸರ. ಕೆಲವು ವರ್ಷಗಳ ಹಿಂದೆ ಹೊಸ ರೇಶನ್ ಕಾರ್ಡು ಬರೆಯಲು ಬಂದ ಗುಮಾಸ್ತ ಪಂಚಾಯ್ತಿ ಕಟ್ಟೆಯ ಮೇಲೆ ಕೂತು, ಬರೆದು ಬರೆದು ಬೇಸತ್ತು, ತಲೆ ಎತ್ತದೆ "ಎಲ್ಲಿ?" ಎಂದು ಕೇಳಿದ್ದ. ಅಂದು ಮುಂಬಯಿಯಿಂದ ದೇವರ ಚಿತ್ರಗಳ ಪಾರ್ಸಲ್ಲು ರೈಲಿಗೆ ಬರುವುದಿತ್ತು. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ಕಾಲು ಬಸ್ಸಿನ ಕಡೆಗೆ ಇಟ್ಟುಕೊಂಡು ನಿಂತಿದ್ದ ವಿಠ್ಠಲ, ಈ ಪುಣ್ಯಾತ್ಮ ತಾನು ಎಲ್ಲಿಗೆ ಹೊರಟಿದ್ದೇನೆಂದು ವಿಚಾರಿಸುತ್ತಿದ್ದಾನೆ ಎಂದುಕೊಂಡು, "ಸ್ಟೇಷನ್‌ರಿ" ಎಂದುಬಿಟ್ಟ. ಗುಮಾಸ್ತ ಹಾಗೆಯೇ ಬರೆದ. ಬರೆದದ್ದನ್ನು ಓದಿ ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

ಗಾಣಗಾಪುರ ಎರಡು. ಭೀಮಾ ನದಿಯ ದಂಡೆಯ ಮೇಲೆ ದೇವಲ ಗಾಣಗಾಪುರ; ದತ್ತನ ಗುಡಿ, ಪೂಜಾರಿಗಳು, ಲಾಡ್ಜುಗಳು, ಗದ್ದಲ ಎಲ್ಲ ಅಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು ಹೋದರೆ ರೈಲು ನಿಲ್ಲುವ ಗಾಣಗಾಪುರ ಸ್ಟೇಷನ್. ಆ ಊರಿನಲ್ಲಿ ಇಳಿಯುವವರು ಸಾವಿರ ಜನ, ನಿಲ್ಲುವವರು ಯಾರೂ ಇಲ್ಲ. ಇಳಿದವರು ಇಳಿದ ಕಾಲಲ್ಲೇ ದೇವಲದ ಬಸ್ಸು ಹಿಡಿಯುತ್ತಾರೆ. ವಿಠ್ಠಲ ಹುಟ್ಟಿದ್ದು ದೇವಲದಲ್ಲಿ. ಮದುವೆಯಾದದ್ದು, ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟದ್ದು ಎಲ್ಲ ದೇವಲದಲ್ಲಿ. ಕಾರ್ಡಿನಲ್ಲಿ ಮಾತ್ರ ಅವನು ಅಂದಿನಿಂದ ಸ್ಟೇಷನ್ನಿನಲ್ಲಿ ಸಂಸಾರ ಹೂಡಿದ್ದ. ಸಕ್ಕರೆ, ಚಿಮಣಿ ಎಣ್ಣೆ ಕೊಡುವ ರೇಶನ್ ಅಂಗಡಿಯ ದೊಡ್ಡಪ್ಪ ಮುಖ ನೋಡಿ ಕೊಡುತ್ತಿದ್ದನೇ ಹೊರತು ಕಾರ್ಡು ಓದುತ್ತಿರಲಿಲ್ಲವಾದ್ದರಿಂದ ಯಾರಿಗೂ ಇದು ಗೊತ್ತಾಗಲಿಲ್ಲ.

ಗೊತ್ತಾದದ್ದು ಸಾವಿರದ ಒಂಬೈನೂರ ತೊಂಬತ್ತೊಂದರ ಕಾರ್ತೀಕದಲ್ಲಿ, ಅವನು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದಾಗ.

ವಿಠ್ಠಲನ ಕೈಯಲ್ಲಿ ಕಸುಬಿತ್ತು, ಗಾಜಿರಲಿಲ್ಲ. ಸೊಲ್ಲಾಪುರದ ವ್ಯಾಪಾರಿ ಪೆಟ್ಟಿಗೆಗಟ್ಟಲೆ ಕೊಳ್ಳುವವರಿಗೆ ಅಗ್ಗಕ್ಕೆ ಕೊಡುತ್ತಿದ್ದ. ವಿಠ್ಠಲ ನಾಲ್ಕು ಹಾಳೆ ಕೊಂಡು, ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವವನು. ದತ್ತ ಜಯಂತಿಯ ವಾರವೆಂದರೆ ಅವನಿಗೆ ಇಡೀ ವರ್ಷದ ವ್ಯಾಪಾರ. ಕಳೆದ ಸಲ ಜಯಂತಿಯ ಮುನ್ನಾದಿನವೇ ಗಾಜು ಮುಗಿದು, ಪುಣೆಯ ಕಡೆಯ ಭಕ್ತರು ಅಂಗಡಿಯ ಮುಂದೆ ಸಾಲುಗಟ್ಟಿ ನಿಂತಿದ್ದರೆ, ಅವನು ಬರಿದಾದ ಕಟ್ಟುಗಳ ನಡುವೆ ಹಲ್ಲು ಕೀಳಿಸಿಕೊಂಡವನ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದ. ಈ ಸಲ ಹಾಗಾಗಬಾರದೆಂದೇ ಸಾಲಕ್ಕೆ ಕೈಹಾಕಿದ್ದು.

"ನೋಡಿ ವಿಠ್ಠಲ ಅವರೇ, ನೀವು ಸ್ಟೇಷನ್ನಿನವರು," ಎಂದರು ದೇವಲದ ಬ್ಯಾಂಕಿನ ಮ್ಯಾನೇಜರು.

ಅವರು ಮೈಸೂರು ಕಡೆಯವರು. ಇಲ್ಲ ಎನ್ನುವುದನ್ನೂ ಬೆಣ್ಣೆ ಹಚ್ಚಿ ಹೇಳುವವರು. ಹೋದ ವಾರವಷ್ಟೇ ತಮ್ಮ ತೀರಿಹೋದ ತಂದೆಯ ಫೋಟೋಕ್ಕೆ ವಿಠ್ಠಲನ ಅಂಗಡಿಯಲ್ಲಿ ಕಟ್ಟು ಹಾಕಿಸಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಹೋಗಿದ್ದರು. ಆ ಫೋಟೋ ಈಗ ಅವರ ತಲೆಯ ಮೇಲೆ ತೂಗುತ್ತಿತ್ತು.

"ಸಾಹೇಬ್ರ, ನೀವೇ ಬಂದು ಕುಂತಿದ್ರಲ್ರಿ ನನ್ನ ಅಂಗಡ್ಯಾಗ! ಚಹಾ ಕುಡದ್ರಿ. ನಾ ಸ್ಟೇಷನ್‌ದಾಗಿದ್ರ ಆ ಚಹಾ ಕೊಟ್ಟಾಂವ ಯಾರ್ರಿ?"

"ನಾನು ನೋಡಿದ್ದೇನೆ ವಿಠ್ಠಲ ಅವರೇ. ಬ್ಯಾಂಕು ನೋಡಿಲ್ಲವಲ್ಲ." ಮ್ಯಾನೇಜರು ಕಾರ್ಡಿನ ನಕಲಿನ ಮೇಲೆ ಬೆರಳಿಟ್ಟರು. "ಈಗ ಹೊಸ ನಿಯಮ. ಒಂದೊಂದು ಊರನ್ನೂ ಒಂದೊಂದು ಬ್ಯಾಂಕಿಗೆ ಹಂಚಿಕೊಟ್ಟಿದ್ದಾರೆ. ದೇವಲದವರಿಗೆ ನಾವು. ಸ್ಟೇಷನ್ನಿನವರಿಗೆ ಅಲ್ಲಿರುವ ಬೇರೆ ಬ್ಯಾಂಕು. ಗಡಿ ದಾಟಿ ಸಾಲ ಕೊಟ್ಟರೆ ನನ್ನ ಕೆಲಸ ಹೋಗುತ್ತದೆ."

"ಅದು ಬರಿಯಾಗ ತಪ್ಪಾಗ್ಯದರಿ."

"ಹಾಗಾದರೆ ತಿದ್ದಿಸಿಕೊಂಡು ಬನ್ನಿ, ಸಂತೋಷ. ಅಫಜಲಪುರದ ತಹಸೀಲ ಕಚೇರಿಯಲ್ಲಿ ತಿದ್ದುತ್ತಾರೆ. ಆದರೆ ನಾಳೆ ಸಂಜೆ ಈ ವರ್ಷದ ಪಟ್ಟಿ ಮೇಲಕ್ಕೆ ಹೋಗುತ್ತದೆ. ಅಲ್ಲೂ ಇಲ್ಲೂ ಎಲ್ಲ ಬ್ಯಾಂಕಿಗೂ ಅದೇ ಗಡುವು. ಆಮೇಲೆ ಮುಂದಿನ ವರ್ಷವೇ."

ವಿಠ್ಠಲ ಹೊರಗೆ ಬರುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲೇ ಗಲ್ಲಿಗೆ ತಲುಪಿತ್ತು. ಮನೆಯ ಕಟ್ಟೆಯ ಮೇಲೆ ಸಭೆ ಕೂಡಿತ್ತು. ಊದಿನಕಡ್ಡಿ ಮಾರುವ ಗಂಗಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿದ್ಧಳಾಗಿದ್ದಳು.

"ನಾ ಬರ್ತೇನಿ ನಡಿಯೋ ಬ್ಯಾಂಕಿಗಿ. ನಿಮ್ಮವ್ವ ನಿನ್ನ ಹಡಿಯಾಗ ದೀಪಾ ಹಿಡದು ನಿಂತಾಕಿ ನಾನು. ಅವ್ನ ಮೋತಿ ಮ್ಯಾಲ ಹೇಳ್ತೇನಿ."

"ಅವ್ರು ಹುಟ್ಟಿದ್ದು ಕೇಳಂಗಿಲ್ಲ ಕಾಕಿ. ಇದ್ದದ್ದು ಕೇಳ್ತಾರ."

"ಹುಟ್ಲಾರದ ಇರಾಕ ಬರ್ತದೇನೋ?"

ಹೂವಿನ ಅಂಗಡಿಯ ಇಮಾಮಸಾಬ ಬೀಡಿ ಆರಿಸಿ ತನ್ನ ತೀರ್ಪು ಕೊಟ್ಟ: "ನೋಡೋ ವಿಠ್ಠಲಾ, ಕಾಗದದ ಸಂಗಾಟ ಜಗಳ ಮಾಡಬ್ಯಾಡ. ಕಾಗದ ಎಲ್ಲಿಗಿ ಹೋಗಂತದ, ಅಲ್ಲಿಗಿ ಹೋಗು. ಸ್ಟೇಷನ್ ಬ್ಯಾಂಕಿಗಿ ಹೋಗಿ, ಹೌದು ನಾ ಸ್ಟೇಷನ್‌ದಾಂವ, ಕೊಡ್ರಿ ಸಾಲ ಅನ್ನು. ಮುಗೀತು."

ಈ ಮಾತು ವಿಠ್ಠಲನಿಗೆ ಹಿಡಿಸಿತು. ಅವನ ಹೆಂಡತಿ ಪ್ರಮಿಲಾ ಬಾಗಿಲಲ್ಲಿ ನಿಂತವಳು, "ಏನ್ರಿ, ತಪ್ಪು ಅಫಜಲಪುರದಾಗ ತಿದ್ದತಾರಂತ ಅವ್ರೇ ಹೇಳ್ಯಾರಲ್ರಿ. ಅಲ್ಲಿಗೇ ಹೋಗಬಾರದೇನು?" ಎಂದಳು.

"ನಿನಗೇನ್ ತಿಳೀತದ ಸರ್ಕಾರಿ ಕೆಲಸ? ಅಲ್ಲಿ ಹೋದ್ರ ತಿಂಗಳಗಟ್ಲೆ ಅಡ್ಡಾಡಸ್ತಾರ. ನೀ ಕಾರ್ಡ್ ತಗೊಂಡು ಹೋಗಿ ಚಿಮಣಿ ಎಣ್ಣಿ ತರೂದು ನೋಡು."

ಪ್ರಮಿಲಾ ಗೂಡಿನಲ್ಲಿದ್ದ ಕಾರ್ಡು ಎತ್ತಿಕೊಂಡಳು. ಪಕ್ಕದ ಮನೆಯ ಹಮೀದಾಬೇಗಂ ಜೋಳಿಗೆ ಹೊಲಿಯುತ್ತಿದ್ದ ಕೈ ನಿಲ್ಲಿಸಿ ಪ್ರಮಿಲಾಳ ಮುಖ ನೋಡಿದಳು. ವಿಠ್ಠಲ ಅದನ್ನೆಲ್ಲ ಗಮನಿಸಲಿಲ್ಲ. ಕಾರ್ಡಿನ ನಕಲನ್ನು ಅಂಗಿಯ ಜೇಬಿಗೆ ಸೇರಿಸಿ ಬಸ್ಸಿಗೆ ಓಡಿದ.

ಸ್ಟೇಷನ್ನಿನ ಬ್ಯಾಂಕಿನಲ್ಲಿ ನೊಣಗಳಿಗೂ ಕೆಲಸವಿರಲಿಲ್ಲ. ಮ್ಯಾನೇಜರ್ ಕಲ್ಯಾಣಪ್ಪ ಆಳಂದ ಕಡೆಯವರು, ಗಟ್ಟಿ ಧ್ವನಿಯವರು. ವಿಠ್ಠಲನನ್ನು ಕಂಡು, ಬಹಳ ದಿನದ ಮೇಲೆ ಬೀಗರು ಬಂದಂತೆ ಎದ್ದುನಿಂತರು.

"ಬರ್ರಿ ಬರ್ರಿ, ಕೂಡ್ರಿ. ಸಾಲ ಬೇಕೇನ್ರಿ? ಅರೆ, ಕೊಡೂಣ ತಗೋರಿ! ನನ್ನ ಹಂತೇಲಿ ಕೊಡಬೇಕಾದ ಸಾಲ ಅದ, ತಗೊಳ್ಳೋ ಮಂದೀನೇ ಇಲ್ಲ. ಈ ಊರಾಗ ಇಳಿದವ್ರೆಲ್ಲ ದೇವಲಕ್ಕ ಓಡಿ ಹೋಗ್ತಾರ. ಮ್ಯಾಲಿನವ್ರು ನನಗ ದಿನಾ ಬೈತಾರ."

ಕಾರ್ಡಿನ ನಕಲು ನೋಡಿ ಅವರ ಮುಖ ಅರಳಿತು. ಅರ್ಜಿ ನೋಡಿ ಬಾಡಿತು.

"ಮನಿ ಸ್ಟೇಷನ್‌ದಾಗ. ಅಂಗಡಿ ದೇವಲದಾಗ?"

"ಹೌದ್ರಿ," ಎಂದ ವಿಠ್ಠಲ. ಸುಳ್ಳು ಹೇಳಲು ಬಂದವನು ಅರ್ಧ ದಾರಿಯಲ್ಲೇ ಖರೇ ಹೇಳಿಬಿಟ್ಟಿದ್ದ.

"ಹಂಗ ನಡಿಯಂಗಿಲ್ರಿ. ಧಂದೆ ಇಲ್ಲಿ ಇರಬೇಕು. ಅಂಗಡಿ ಇಲ್ಲಿಗಿ ತರ್ರಿ."

"ಅಂಗಡಿ ಏನು ಪೆಟಗೀ ಏನ್ರಿ ಎತ್ಕೊಂಡ ಬರಾಕ?"

"ಒಂದು ಖೋಲಿ ಹಿಡೀರಿ. ಇಲ್ಲಿ ಬಾಡಿಗಿ ಚೀಟಿ ಬೇಕು, ಅಲ್ಲಿ ಖಾಲಿ ಮಾಡಿದ್ದಕ್ಕ ಮಾಲಕರ ಕೈ ಬರಹ ಬೇಕು. ಎರಡೂ ಕಡಿ ಅಂಗಡಿ ಇಟ್ಕೊಂಡ್ರಿ ಅಂದ್ರ ತಪಾಸಣಿ ಬಂದಾಗ ನನ್ನ ಕೊಳ್ಳಿಗಿ ಬರ್ತದ. ಇವತ್ತ ಚೀಟಿ ತೋರಸ್ರಿ, ನಾಳಿ ಮುಂಜಾನಿ ಅಸಲ್ ಕಾರ್ಡ್ ತಗೊಂಡ ಬರ್ರಿ. ಮಧ್ಯಾಹ್ನದಾಗ ರೊಕ್ಕಾ ನಿಮ್ಮ ಕೈಯಾಗ."

ವಿಠ್ಠಲ ಯೋಚಿಸಿದ. ಬರೀ ಕಾಗದದ ಮಾತು. ಇಲ್ಲೊಂದು ಖೋಲಿ ಹೆಸರಿಗೆ ಹಿಡಿದು, ಅಲ್ಲಿ ಭಟ್ಟರಿಂದ ಹೆಸರಿಗೆ ಒಂದು ಚೀಟಿ ಬರೆಸಿಕೊಂಡರಾಯಿತು. ಸಾಲ ಬಂದ ಮೇಲೆ ಯಾರು ನೋಡುತ್ತಾರೆ? ತನ್ನ ಬುದ್ಧಿಗೆ ತಾನೇ ಬೆರಗಾಗಿ, ರೈಲು ಹಳಿಯ ಪಕ್ಕದ ಕಟ್ಟಿಗೆ ಅಡ್ಡೆಯ ಕರೀಮಸಾಬನನ್ನು ಹುಡುಕಿಕೊಂಡು ಹೋದ.

ಕರೀಮಸಾಬನಲ್ಲಿ ಒಂದು ತಗಡಿನ ಷೆಡ್ಡು ಇತ್ತು. ಬೆಳಗಿನ ತನಕ ಅದರಲ್ಲಿ ಆಡುಗಳಿದ್ದವು; ವಾಸನೆ ಇನ್ನೂ ಇತ್ತು.

"ದೇವರ ಫೋಟೋ ಇಡ್ತೇನ್ರಿ ಇದರಾಗ," ಎಂದ ವಿಠ್ಠಲ ಮೂಗು ಮುಚ್ಚಿಕೊಂಡು.

"ಇಡ್ರಿ ಇಡ್ರಿ, ಆಡು ಭಾಳ ಶಾಂತ ಇದ್ವು," ಎಂದ ಕರೀಮಸಾಬ. ಗಾಜಿಗೆಂದು ಕೂಡಿಟ್ಟಿದ್ದ ದುಡ್ಡು ಮುಂಗಡಕ್ಕೆ ಹೋಯಿತು.

ದೇವಲದಲ್ಲಿ ವಿಠ್ಠಲನ ಅಂಗಡಿ ಇದ್ದದ್ದು ಗುಡಿಯಿಂದ ಸಂಗಮಕ್ಕೆ ಹೋಗುವ ಹಾದಿಯಲ್ಲಿ, ಶ್ರೀಪಾದಭಟ್ಟರ ಮನೆಯ ಪಡಸಾಲೆಯಲ್ಲಿ. ದೇವರನ್ನು ಕಂಡು ಬರುವ ಪ್ರತಿಯೊಬ್ಬರೂ ಅದರ ಮುಂದೆ ಹಾಯಲೇಬೇಕು. ಅವನ ಅಪ್ಪನ ಕಾಲದ ಬಾಡಿಗೆ. ಅದನ್ನು ಏರಿಸಲಾಗದೆ, ಅವನನ್ನು ಬಿಡಿಸಲೂ ಆಗದೆ ಭಟ್ಟರು ಬಹಳ ವರ್ಷಗಳಿಂದ ಒಳಗೊಳಗೇ ಕುದಿಯುತ್ತಿದ್ದರು. ಊಟ ಮುಗಿಸಿ ಅಡಿಕೆ ಕತ್ತರಿಸುತ್ತ ಕೂತಿದ್ದ ಭಟ್ಟರು ವಿಠ್ಠಲನ ಮಾತನ್ನು ಕೊನೆಯವರೆಗೂ ಕೇಳಿದರು.

"ಖಾಲಿ ಮಾಡ್ಯಾನ ಅಂತ ಬರದು ಕೊಡ್ಲೇನು?"

"ಹೌದ್ರಿ ಭಟ್ಟರ. ಬರೇ ಬ್ಯಾಂಕಿಗಿ ತೋರಸ್ಲಿಕ್ಕ."

"ಖಾಲಿ ಮಾಡಿ ಏನು?"

"ಇಲ್ರಿ, ಮಾಡಂಗಿಲ್ಲ. ಬರೇ ಕಾಗದಾ."

ಭಟ್ಟರು ಅಡಕತ್ತರಿ ಕೆಳಗಿಟ್ಟು ಜನಿವಾರ ಮುಟ್ಟಿಕೊಂಡರು. "ವಿಠ್ಠಲಾ, ದತ್ತನ ಪೂಜಾ ಮಾಡೋ ಕೈಲೇ ಸುಳ್ಳು ಬರಸ್ತೀ? ನನ್ನಿಂದ ಆಗೂದಿಲ್ಲಪಾ. ಖರೇ ಖಾಲಿ ಮಾಡು, ಖರೇ ಬರದು ಕೊಡ್ತೇನಿ."

ಬಸ್ಸು ಹೊರಡುವ ಹೊತ್ತಾಗುತ್ತಿತ್ತು. ವಿಠ್ಠಲ ಕೈ ಮುಗಿದ, ಅಂಗಲಾಚಿದ. ಭಟ್ಟರ ಧರ್ಮಬುದ್ಧಿ ಕಲ್ಲಿನ ಹಾಗೆ ಕೂತಿತ್ತು. ಸಾಲವಿಲ್ಲದಿದ್ದರೆ ಗಾಜಿಲ್ಲ, ಗಾಜಿಲ್ಲದ ಅಂಗಡಿ ಎಲ್ಲಿದ್ದರೇನು ಎಂಬ ಲೆಕ್ಕ ಆ ಗಳಿಗೆಯಲ್ಲಿ ಅವನಿಗೆ ಸರಿಯಾಗಿಯೇ ಕಂಡಿತು. "ಜಯಂತಿ ಮುಗಿದ ಮ್ಯಾಲ ತಿರುಗಿ ಕೊಡ್ತೀರಲ್ರಿ?" ಎಂದು ಕೇಳಿದ. "ದತ್ತನ ಇಚ್ಛಾ," ಎಂದರು ಭಟ್ಟರು, ಆಗಲೇ ಬರೆಯುತ್ತ.

ಮನೆಗೆ ಹೋಗಿ ಪ್ರಮಿಲಾಳನ್ನು ಕರೆದ. ಬಾಗಿಲಿಗೆ ಬೀಗ. ಎಣ್ಣೆಯ ಸಾಲಿನಲ್ಲಿ ನಿಂತಿರಬೇಕು ಎಂದುಕೊಂಡ. ಪಕ್ಕದ ಮನೆಗೂ ಬೀಗವಿತ್ತು. ಕೊನೆಗೆ ಇಮಾಮಸಾಬನನ್ನು ನೆರವಿಗೆ ಕರೆದು, ಹವಳಗಾದ ಕಡೆ ಸಿಮೆಂಟು ಇಳಿಸಿ ಸ್ಟೇಷನ್ನಿಗೆ ಮರಳುತ್ತಿದ್ದ ಒಂದು ಮೆಟಡೋರ್ ನಿಲ್ಲಿಸಿ, ಇದ್ದ ದೇವರನ್ನೆಲ್ಲ ಅದಕ್ಕೆ ಹೇರಿದ.

ಆ ಪ್ರಯಾಣವನ್ನು ವಿಠ್ಠಲ ಮರೆಯುವಂತಿಲ್ಲ. ಸಿಮೆಂಟಿನ ಧೂಳಿನಲ್ಲಿ ದತ್ತಾತ್ರೇಯರು, ಅವರ ಹಿಂದೆ ಲಕ್ಷ್ಮಿಯರು, ಎಲ್ಲರ ನಡುವೆ ಸುತ್ತಿಗೆ ಹಿಡಿದುಕೊಂಡ ವಿಠ್ಠಲ. ಎದುರಿಗೆ ಬಂದ ಯಾತ್ರಿಕರು ಇದು ಯಾವುದೋ ಮಠದ ಉತ್ಸವವೆಂದು ತಿಳಿದು ಚಪ್ಪಲಿ ಬಿಟ್ಟು ಕೈಮುಗಿದರು. ಒಂದು ಕಡೆ ರಸ್ತೆಯ ಕುಣಿಗೆ ಗಾಡಿ ಧಡಕ್ಕೆಂದಾಗ ನಾಲ್ಕು ಗಾಜು ಒಟ್ಟಿಗೇ ಸೀಳಿದವು. ಗಾಡಿ ನಿಂತದ್ದೇ ಒಬ್ಬ ಮುದುಕಿ ಓಡಿಬಂದು ಅವನ ಕಾಲಿಗೇ ತೆಂಗಿನಕಾಯಿ ಒಡೆದಳು. "ತಾಯಿ, ನಾ ದೇವರಲ್ಲ, ನಾ ಅಂಗಡ್ಯಾಂವ," ಎಂದರೆ, "ಹಂಗಂದವ್ನೇ ದೇವರು," ಎಂದು ಇನ್ನೊಮ್ಮೆ ಅಡ್ಡಬಿದ್ದಳು. ಮೆಟಡೋರಿನವನು ಕಾಯಿಯ ಅರ್ಧ ಹೋಳು ತನ್ನ ಪಾಲೆಂದು ಎತ್ತಿಕೊಂಡ.

ಕಲ್ಯಾಣಪ್ಪ ಖುದ್ದಾಗಿ ಷೆಡ್ಡಿಗೆ ಬಂದು, ಕರವಸ್ತ್ರ ಮೂಗಿಗೆ ಹಿಡಿದು, ಬಾಗಿಲಲ್ಲೇ ನಿಂತು ತಪಾಸಣೆ ಮುಗಿಸಿದರು. ಬಾಡಿಗೆ ಚೀಟಿ ಸರಿ. ಭಟ್ಟರ ಬರಹ ಸರಿ.

"ಶಾಭಾಸ್ರಿ! ಇಂಥಾ ಗಿರಾಕಿ ಬೇಕು. ನಾಳಿ ಅಸಲ್ ಕಾರ್ಡ್ ತರ್ರಿ. ಅದರ ಮ್ಯಾಲ ಸ್ಟೇಷನ್ ಅಂತ ನಾ ಕಣ್ಣಾರೆ ನೋಡಿದೆ ಅಂದ್ರ ಸಾಕು, ಸಹಿ."

ಸಂಜೆ ದೇವಲದಲ್ಲಿ ಬಸ್ಸಿಳಿದ ವಿಠ್ಠಲನಿಗೆ ಮೈಯೆಲ್ಲ ನೋವಿತ್ತು, ಆದರೆ ಎದೆ ಹಗುರವಾಗಿತ್ತು. ಹಳೆಯ ಅಂಗಡಿಯ ಮುಂದೆ ಹಾಯುವಾಗ ಕಾಲು ತಾನಾಗಿಯೇ ನಿಂತಿತು. ಒಳಗೆ ದೀಪ ಉರಿಯುತ್ತಿತ್ತು. ಭಟ್ಟರ ಅಳಿಯ ಗೋವಿಂದ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಸ್ಟೂಲಿನ ಮೇಲೆ ಮೈಸೂರಿನ ಮ್ಯಾನೇಜರು ಕೂತು ಚಹಾ ಕುಡಿಯುತ್ತಿದ್ದರು.

"ಓ, ಬನ್ನಿ ವಿಠ್ಠಲ ಅವರೇ," ಎಂದರು ಮ್ಯಾನೇಜರು ಪ್ರೀತಿಯಿಂದ. "ಇವರ ಅರ್ಜಿ ಮೂರು ತಿಂಗಳಿಂದ ನನ್ನ ಹತ್ತಿರ ಇತ್ತು. ವಿಳಾಸ ಸರಿಯಾಗಿತ್ತು, ಅಂಗಡಿ ಇರಲಿಲ್ಲ. ಇವತ್ತು ಜಾಗ ಸಿಕ್ಕಿತಂತೆ. ಪಟ್ಟಿಗೆ ಸೇರಿಸಿಬಿಟ್ಟೆ. ಒಳ್ಳೆಯ ಜಾಗ."

"ಯಾವ ಧಂದೆರಿ?" ಎಂದು ವಿಠ್ಠಲ ಕೇಳಿದ, ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

"ಫೋಟೋ ಕಟ್ಟು ಹಾಕೂದು," ಎಂದ ಗೋವಿಂದ ಬಾಯಲ್ಲಿ ಮೊಳೆ ಇಟ್ಟುಕೊಂಡೇ. "ನಿಮ್ಮ ಗಿರಾಕಿ ಎಲ್ಲಾ ಇಲ್ಲೇ ಬರ್ತಾರಲ್ರಿ ಕಾಕಾ. ಜರಾ ಗಾಜು ಕೊಯ್ಯೂದು ಕಲಿಸಿಕೊಡ್ರಿ."

ಜಯಂತಿ ಮುಗಿದರೂ ಈ ಜಾಗ ಇನ್ನು ತನ್ನದಲ್ಲ ಎಂಬುದು ಆ ಮೊಳೆಯ ಒಂದೊಂದು ಏಟಿಗೂ ವಿಠ್ಠಲನಿಗೆ ಖಾತ್ರಿಯಾಗುತ್ತ ಹೋಯಿತು. ಆದರೂ ಮನಸ್ಸನ್ನು ಗಟ್ಟಿ ಮಾಡಿಕೊಂಡ. ಇರಲಿ. ನಾಳೆ ಸ್ಟೇಷನ್ನಿನ ಸಾಲ ಬರುತ್ತದೆ. ಎರಡು ಪೆಟ್ಟಿಗೆ ಗಾಜು ಬರುತ್ತದೆ. ರೈಲಿಳಿದವರನ್ನು ಕೂಗಿ ಕರೆದರಾಯಿತು. ಹತ್ತರಲ್ಲಿ ಒಬ್ಬನಾದರೂ ತಿರುಗಿ ನೋಡಿಯಾನು. ಹೀಗೆ ಅಂದುಕೊಳ್ಳುತ್ತ ಮನೆಯ ಮೂಲೆ ತಿರುಗಿದ.

ಕಟ್ಟೆಯ ತುಂಬ ಜನ. ಗಂಗಾಬಾಯಿ ದೂರದಿಂದಲೇ ಕೈ ಬೀಸಿದಳು. "ಬಾರೋ ವಿಠ್ಠಲಾ! ಪೇಢೆ ಎಲ್ಲದಾವ?"

ನಡುವೆ ಪ್ರಮಿಲಾ ಕೂತಿದ್ದಳು. ಸೀರೆಯ ಅಂಚಿನ ತನಕ ಬಸ್ಸಿನ ಧೂಳು, ಕೂದಲು ಕೆದರಿತ್ತು, ಮುಖ ಮಾತ್ರ ದೀಪ ಹಚ್ಚಿದ ಹಾಗೆ ಬೆಳಗುತ್ತಿತ್ತು. ಮದುವೆಯಾದ ಮೇಲೆ ಅವಳ ಮುಖದಲ್ಲಿ ಅಂಥ ಬೆಳಕನ್ನು ಅವನು ಕಂಡಿರಲಿಲ್ಲ.

"ಏನ್ರಿ, ಸರ್ಕಾರಿ ಕೆಲಸ ನನಗ ತಿಳಿಯಂಗಿಲ್ಲ ಅಂದಿದ್ರಿ. ನೋಡ್ರಿ ಈಗ."

ಕಾರ್ಡನ್ನು ಅವನ ಕೈಗಿಟ್ಟಳು. 'ಸ್ಟೇಷನ್' ಎಂಬ ಶಬ್ದದ ಮೇಲೆ ಕೆಂಪು ಶಾಯಿಯ ಗೆರೆ. ಅದರ ಮೇಲೆ ದುಂಡಗಿನ ಅಕ್ಷರಗಳಲ್ಲಿ 'ದೇವಲ'. ಪಕ್ಕಕ್ಕೆ ಸಹಿ. ಸಹಿಯ ಮೇಲೆ ಒದ್ದೆ ಇನ್ನೂ ಆರದಂತೆ ಕಾಣುವ ಗುಂಡು ಮೊಹರು.

"ಹಮೀದಾ ಆಪಾನ ತಮ್ಮ ಗೌಸಮೊಹಿದ್ದೀನ ತಹಸೀಲದಾಗೇ ಇರ್ತಾನಂತ್ರಿ. ನೀವು ಹೋದ ಕೂಡ್ಲೇ ಇಬ್ರೂ ಅಫಜಲಪುರದ ಬಸ್ ಹತ್ತಿದಿವಿ. ಒಬ್ಬ ಸಾಹೇಬ ನಾಳಿ ಬಾ ಅಂದ. ನಾ ಎದ್ದೇಳಲಿಲ್ಲ. ಊಟಕ್ಕ ಹೋದ, ಬಂದ, ನಾ ಅಲ್ಲೇ ಕುಂತಿದ್ದೆ. ಕಡಿಗಿ ಅವ್ನೇ ಬ್ಯಾಸತ್ತು, ತಾರವ್ವ ಕಾರ್ಡ್ ಅಂದ."

"ರಜಿಸ್ಟರ್‌ದಾಗೂ ತಿದ್ದಸೇವಿ ಭಾಯಿ," ಎಂದಳು ಹಮೀದಾಬೇಗಂ ಹೆಮ್ಮೆಯಿಂದ. "ಪೂರಾ ಪಕ್ಕಾ ಕೆಲಸ."

ವಿಠ್ಠಲ ಕಾರ್ಡು ಹಿಡಿದುಕೊಂಡೇ ಕಟ್ಟೆಯ ಅಂಚಿಗೆ ಕೂತ. ಗಲ್ಲಿಯವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು, ಸಂತೋಷ ಇನ್ನೇನು ಉಕ್ಕುತ್ತದೆಂದು. ಅವನು ಹಮೀದಾಬೇಗಂ ಕಡೆಗೆ ತಿರುಗಿದ.

"ಆಪಾ, ನಿಮ್ಮ ತಮ್ಮಗ ಹೇಳಿ... ಇದನ್ನ ಮತ್ತ ಮೊದಲಿನಂಗ ತಪ್ಪು ಮಾಡಸ್ಲಿಕ್ಕ ಬರ್ತದೇನ್ರಿ?"



"ತೌಬಾ ತೌಬಾ!" ಹಮೀದಾಬೇಗಂ ಗಲ್ಲ ಬಡಿದುಕೊಂಡಳು. "ಸರ್ಕಾರಿ ಕಾರ್ಡಿನಾಗ ಸುಳ್ಳು ಬರಸ್ತೀರೇನ್ರಿ? ನಮ್ಮ ತಮ್ಮನ ನೌಕರಿ ಹೋಗ್ತದ. ನೀವು ಖರೇನೇ ಸ್ಟೇಷನ್‌ದಾಗ ಹೋಗಿ ಇದ್ರ ಆ ಮಾತು ಬ್ಯಾರೆ. ಆದ್ರ ಅದಕ್ಕ ಅಲ್ಲಿ ಭಾಳ ದಿನದಿಂದ ಇದ್ದದ್ದು ಪುರಾವಾ ಬೇಕು."

ಪುರಾವೆ ಬೆಳಗಿನವರೆಗೂ ಇತ್ತು. ಕೆಂಪು ಗೆರೆಯ ಕೆಳಗೆ ಇನ್ನೂ ಮಸುಕಾಗಿ ಕಾಣುತ್ತಿತ್ತು.

"ಇವ್ನಿಗಿ ಬಿಸಿಲು ಹತ್ಯದ," ಎಂದಳು ಗಂಗಾಬಾಯಿ. "ಒಂದು ತಂಬಿಗಿ ನೀರು ಕೊಡ್ರೇ."

ಪ್ರಮಿಲಾ ನೀರು ತಂದುಕೊಟ್ಟಳು. ಅವನು ಕುಡಿಯುವ ತನಕ ಪಕ್ಕದಲ್ಲೇ ನಿಂತಳು. ತಾನು ಒಂದು ಮಾತು ಮೆಚ್ಚಿ ಹೇಳಲಿ ಎಂದು ಅವಳು ಕಾಯುತ್ತಿದ್ದಾಳೆಂದು ವಿಠ್ಠಲನಿಗೆ ಗೊತ್ತಿತ್ತು. "ಛಲೋ ಮಾಡ್ದಿ," ಎಂದ. ಆ ಎರಡು ಶಬ್ದ ಆಡುವುದಕ್ಕೆ ಅವನಿಗೆ ಮೆಟಡೋರಿಗೆ ಅಷ್ಟೂ ದೇವರನ್ನು ಎತ್ತಿಹಾಕಿದ್ದಕ್ಕಿಂತ ಹೆಚ್ಚು ಬಲ ಬೇಕಾಯಿತು.

ಅವಳಿಗೆ ಅಷ್ಟೇ ಸಾಕಿತ್ತು. ಸೆರಗು ಬಿಗಿದುಕೊಂಡು ಮೂಲೆಯಲ್ಲಿದ್ದ ಕಸಬರಿಗೆ ಎತ್ತಿಕೊಂಡಳು.

"ಅಂಗಡಿ ಕೀಲಿ ಕೊಡ್ರಿ. ನಾಳಿ ಬ್ಯಾಂಕಿನ ಸಾಹೇಬ್ರು ನೋಡಾಕ ಬರ್ತಾರ. ಈಗೇ ಹೋಗಿ ಕಸಾ ಹೊಡದು, ಸಾರಿಸಿ ಬರ್ತೇನಿ."

ವಿಠ್ಠಲ ಜೇಬಿಗೆ ಕೈ ಹಾಕಿದ. ಸಿಕ್ಕ ಕೀಲಿಯನ್ನು ಅವಳ ಅಂಗೈ ಮೇಲಿಟ್ಟ.

ಪ್ರಮಿಲಾ ಅದನ್ನು ತಿರುಗಿಸಿ ನೋಡಿದಳು, ಮೂಗಿಗೆ ಹಿಡಿದು ಮುಖ ಸಿಂಡರಿಸಿದಳು.

"ಇದು ನಮ್ದಲ್ಲಲ್ರಿ. ಆಡಿನ ನಾತ ಬರಾಕತ್ತದ."

"ನಮ್ದ ಅದ," ಎಂದ ವಿಠ್ಠಲ. "ಇನ್ನ ಮ್ಯಾಲ ನಮ್ದಂದ್ರ ಅದೊಂದೇ."